ಬಿಲ್ ಸ್ಕಾರ್ಸ್‌ಗೋರ್ಡ್: ಮೇಕಪ್ಪಿನ ಹಿಂದಿರುವ ಸ್ವೀಡನ್ ನಟನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾರರ್ ಸಿನಿಮಾದ ಮಾತು ಬಂದಾಗಲೆಲ್ಲ ಈ ನಟನ ಬಗ್ಗೆ ಒಂದಷ್ಟು ಪ್ರಶ್ನೆ ಬಂದೇ ಬರುತ್ತವೆ. ಗೆಳೆಯರು ಕೇಳಿದ್ದು, ಪತ್ರಗಳಲ್ಲಿ ಬಂದದ್ದು, ಕಾಮೆಂಟುಗಳಲ್ಲಿ ಕಂಡದ್ದು ಎಲ್ಲವನ್ನೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಮೊದಲು ಸುಲಭದವು, ಆಮೇಲೆ ಸ್ವಲ್ಪ ಆಳದವು. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಬಿಲ್ ಅಂದರೆ ಬರೀ ಹೆದರಿಸುವ ನಟ ಅಂದುಕೊಂಡವರು ಅವನ ಒಳ್ಳೆಯ ಕೆಲಸದಲ್ಲಿ ಅರ್ಧದಷ್ಟನ್ನೂ ನೋಡಿಲ್ಲ. ಅವನ ಸ್ವೀಡಿಷ್ ಸಿನಿಮಾಗಳನ್ನು ನೋಡಿದ ಮೇಲೆ ‘ಇಟ್’ ಸಿನಿಮಾದಲ್ಲಿ ಅವನು ಮಾಡಿದ ಕೋಡಂಗಿಯೂ ಬೇರೆಯಾಗಿಯೇ ಕಾಣುತ್ತಾನೆ.

## ಮೊದಲ ಪರಿಚಯ

‘ಇಟ್’ ಸಿನಿಮಾದಲ್ಲಿ ಚರಂಡಿಯಿಂದ ಇಣುಕುವ ಆ ಜೋಕರ್ ಇವನೇನಾ?

ಹೌದು, ಇವನೇ. 2017ರ ‘ಇಟ್’ ಮತ್ತು 2019ರಲ್ಲಿ ಬಂದ ಅದರ ಎರಡನೇ ಭಾಗದ ಪೆನ್ನಿವೈಸ್ ಬಿಲ್ ಸ್ಕಾರ್ಸ್‌ಗೋರ್ಡ್. 2024ರ ‘ನೊಸ್ಫೆರಾಟು’ವಿನಲ್ಲಿ ಕೊಳೆತ ಹೆಣದ ಹಾಗಿರುವ ರಕ್ತಪಿಶಾಚಿ ಕೌಂಟ್ ಓರ್ಲಾಕ್ ಕೂಡ ಇವನೇ. ‘ಜಾನ್ ವಿಕ್’ನ ನಾಲ್ಕನೇ ಭಾಗದಲ್ಲಿ ಥಳಥಳ ಹೊಳೆಯುವ ಸೂಟು ಹಾಕಿಕೊಂಡು ಓಡಾಡುವ, ಮಾರ್ಕ್ವಿ ಎಂಬ ಬಿರುದಿನ ಫ್ರೆಂಚ್ ಖಳನೂ ಇವನೇ. ಮೂವರನ್ನೂ ನೋಡಿದ್ದರೂ ಮೂವರೂ ಒಬ್ಬನೇ ಅಂತ ಗೊತ್ತಿಲ್ಲದವರು ತುಂಬಾ ಜನ.

ಅಮೆರಿಕದವನಾ? ವಯಸ್ಸೆಷ್ಟು?

ಅಲ್ಲ, ಅಪ್ಪಟ ಸ್ವೀಡನ್ ಹುಡುಗ. ಹುಟ್ಟಿದ್ದು 1990ರ ಆಗಸ್ಟ್ 9ರಂದು, ಸ್ಟಾಕ್‌ಹೋಮ್‌ನ ಪಶ್ಚಿಮಕ್ಕಿರುವ ವೆಲ್ಲಿಂಗ್‌ಬಿ ಎಂಬ ಬಡಾವಣೆಯಲ್ಲಿ. ಕೆಲಸ, ಮನೆ, ಅಂಗಡಿ ಸಾಲು ಎಲ್ಲ ಒಂದೇ ಕಡೆ ಸಿಗಬೇಕು ಅಂತ 1950ರ ದಶಕದಲ್ಲಿ ಯೋಜನೆ ಹಾಕಿ ಕಟ್ಟಿದ ಜಾಗ ಅದು. ತಾಯಿ ವೈದ್ಯೆ, ತಂದೆ ನಟ. ಎತ್ತರ 6 ಅಡಿ 4 ಇಂಚು. ಈ ಎತ್ತರವನ್ನು ನೆನಪಿಟ್ಟುಕೊಳ್ಳಿ, ಅವನ ನಟನೆಯಲ್ಲಿ ಅದಕ್ಕೆ ದೊಡ್ಡ ಪಾಲಿದೆ.

ಸ್ಕಾರ್ಸ್‌ಗೋರ್ಡ್ ಅಂತ ಎಷ್ಟು ಜನ ನಟರಿದ್ದಾರೆ? ಯಾರು ಯಾರೋ ಗೊತ್ತಾಗಲ್ಲ.

ಗೊಂದಲ ಆಗೋದು ಸಹಜ. ಮನೆತುಂಬಾ ನಟರು.

ಅಪ್ಪ ಸ್ಟೆಲಾನ್ ಸ್ಕಾರ್ಸ್‌ಗೋರ್ಡ್. ಸ್ಟಾಕ್‌ಹೋಮ್‌ನ ರಾಯಲ್ ಡ್ರಮ್ಯಾಟಿಕ್ ಥಿಯೇಟರ್‌ನಲ್ಲಿ ವರ್ಷಗಟ್ಟಲೆ ಪಳಗಿದವರು. ‘ಚೆರ್ನೋಬಿಲ್’ ಸರಣಿಯಲ್ಲಿ ಸೋವಿಯತ್ ಅಧಿಕಾರಿಯಾಗಿ, ‘ಡ್ಯೂನ್’ನಲ್ಲಿ ದಪ್ಪನೆಯ ಬ್ಯಾರನ್ ಆಗಿ ಅವರನ್ನು ನೋಡಿರುತ್ತೀರಿ.

ದೊಡ್ಡಣ್ಣ ಅಲೆಕ್ಸಾಂಡರ್ 1976ರಲ್ಲಿ ಹುಟ್ಟಿದವನು. ‘ಟ್ರೂ ಬ್ಲಡ್’, ‘ಬಿಗ್ ಲಿಟಲ್ ಲೈಸ್’, ‘ದಿ ನಾರ್ತ್‌ಮ್ಯಾನ್’ ಅವನವು. ಎರಡನೆಯವನು ಗುಸ್ತಾಫ್, ‘ವೈಕಿಂಗ್ಸ್’ನಲ್ಲಿ ದೋಣಿ ಕಟ್ಟುವ ಆ ವಿಚಿತ್ರ ಫ್ಲೋಕಿ. ‘ಓಪನ್‌ಹೈಮರ್’ನಲ್ಲಿ ಭೌತವಿಜ್ಞಾನಿ ಹಾನ್ಸ್ ಬೆಥೆ ಆಗಿದ್ದೂ ಅವನೇ. ಇನ್ನೊಬ್ಬ ಅಣ್ಣ ಸ್ಯಾಮ್ ಅಮ್ಮನ ದಾರಿ ಹಿಡಿದು ಡಾಕ್ಟರ್ ಆದ. ಬಿಲ್ ಆದಮೇಲೆ ತಂಗಿ ಈಯಾ, ಆಮೇಲೆ ತಮ್ಮ ವಾಲ್ಟರ್. ವಾಲ್ಟರ್ ಕೂಡ ನಟ. ಅಪ್ಪನ ಎರಡನೇ ಮದುವೆಯಿಂದ ಇನ್ನೂ ಇಬ್ಬರು ಚಿಕ್ಕ ತಮ್ಮಂದಿರಿದ್ದಾರೆ.

ಅಲೆಕ್ಸಾಂಡರ್‌ನನ್ನು ಬಿಲ್ ಅಂದುಕೊಳ್ಳುವವರೇ ಜಾಸ್ತಿ. ಕಣ್ಣು ನೋಡಿ. ಬಿಲ್‌ನ ಕಣ್ಣು ದೊಡ್ಡದು, ಒಂದಿಷ್ಟು ಹೊರಚಾಚಿದಂತೆ ಇರುತ್ತದೆ.

ಅಪ್ಪನ ಹೆಸರಿನಿಂದ ಮೇಲೆ ಬಂದವನು, ಅಲ್ವಾ?

ಬಾಗಿಲು ತೆರೆದದ್ದು ಆ ಹೆಸರೇ, ಇದರಲ್ಲಿ ಮುಚ್ಚುಮರೆ ಏನಿಲ್ಲ. ಒಂಬತ್ತು ವರ್ಷದ ಸಾಮಾನ್ಯ ಹುಡುಗನಿಗೆ ಸಿನಿಮಾ ಸೆಟ್ಟು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಆದರೆ ಅದೇ ಹೆಸರು ಅವನಿಗೆ ಹೊರೆಯೂ ಆಗಿತ್ತು. ಅಪ್ಪ, ಇಬ್ಬರು ಅಣ್ಣಂದಿರು ಆಗಲೇ ನಟರು, ನಾನೂ ಅದೇ ಆಗಬೇಕಾ ಅಂತ ಹದಿಹರೆಯದಲ್ಲಿ ಹಿಂಜರಿದಿದ್ದನ್ನು ಅವನೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ.

ನನಗನ್ನಿಸುವುದು ಇಷ್ಟು: ಹೆಸರಿನ ಬಲದಲ್ಲಿ ಬಂದವರು ಸಾಮಾನ್ಯವಾಗಿ ತಮ್ಮ ಮುಖವನ್ನು ಮುಂದಿಡುತ್ತಾರೆ. ಇವನು ಜಗತ್ತಿಗೆ ಗೊತ್ತಾದದ್ದು ತನ್ನ ಮುಖದ ಗುರುತೇ ಸಿಗದ ಪಾತ್ರದಿಂದ. ಅಲ್ಲಿ ಅಪ್ಪನ ಹೋಲಿಕೆ ಕೆಲಸಕ್ಕೆ ಬರಲಿಲ್ಲ.

ಮನೆಯವರೊಟ್ಟಿಗೆ, ಮಕ್ಕಳೊಟ್ಟಿಗೆ ಕೂತು ಇವನ ಸಿನಿಮಾ ನೋಡಬಹುದಾ?

‘ಸಿಂಪಲ್ ಸೈಮನ್’ ಆದರೆ ಆರಾಮಾಗಿ ನೋಡಿ, ಮಕ್ಕಳು ತುಸು ದೊಡ್ಡವರಾಗಿದ್ದರೆ ಸಾಕು. ‘ಇಟ್’, ‘ನೊಸ್ಫೆರಾಟು’, ‘ಬಾರ್ಬೇರಿಯನ್’ ಮೂರನ್ನೂ ಚಿಕ್ಕ ಮಕ್ಕಳಿಗೆ ಖಂಡಿತ ತೋರಿಸಬೇಡಿ. ‘ಇಟ್’ನಲ್ಲಿ ಮಕ್ಕಳೇ ಮುಖ್ಯ ಪಾತ್ರಧಾರಿಗಳು ಅಂತ ನೋಡಿ ಎಷ್ಟೋ ಮನೆಗಳಲ್ಲಿ ಮೋಸ ಹೋಗುತ್ತಾರೆ.

ಮದುವೆ, ಸಂಸಾರ?

ಸ್ವೀಡನ್‌ನ ನಟಿ ಅಲಿಡಾ ಮೋರ್‌ಬೆರಿ ಅವನ ಸಂಗಾತಿ. ಸಂಸಾರದ ವಿಷಯವನ್ನು ಅವನು ಸುದ್ದಿಯಿಂದ ದೂರ ಇಟ್ಟಿದ್ದಾನೆ, ನಾವೂ ಅಲ್ಲಿಗೇ ಬಿಡೋಣ.

## ಸ್ವೀಡನ್‌ನ ವರ್ಷಗಳು

ಮೊದಲ ಸಿನಿಮಾ ಯಾವುದು?

2000ದಲ್ಲಿ ಬಂದ ‘ಯೆರ್ನ್‌ಗೆಂಗೆಟ್’. ಅಣ್ಣ ಅಲೆಕ್ಸಾಂಡರ್ ಕೂಡ ಅದರಲ್ಲಿದ್ದ. ಅದನ್ನು ಹುಡುಕಿಕೊಂಡು ಹೋಗಿ ನೋಡಲೇಬೇಕು ಅಂತೇನಿಲ್ಲ.

ಇಂಗ್ಲಿಷಿಗೆ ಬರುವ ಮುಂಚಿನದರಲ್ಲಿ ಒಂದೇ ಒಂದು ನೋಡಬೇಕು ಅಂದರೆ ಯಾವುದು?

ಯೋಚನೆಯೇ ಬೇಡ, 2010ರ ‘ಸಿಂಪಲ್ ಸೈಮನ್’. ನಿರ್ದೇಶಕ ಆಂಡ್ರಿಯಾಸ್ ಓಮನ್. ಸ್ವೀಡಿಷ್ ಹೆಸರಿನ ಅರ್ಥ ‘ಬಾಹ್ಯಾಕಾಶದಲ್ಲಿ ಭಾವನೆಗಳಿಲ್ಲ’ ಅಂತ.

ಸೈಮನ್‌ಗೆ ಹದಿನೆಂಟು ವರ್ಷ. ಆಟಿಸಂನ ಒಂದು ಬಗೆಯಾದ ಆಸ್ಪರ್ಜರ್ ಸಿಂಡ್ರೋಮ್ ಇದೆ. ಯಾರೂ ಮುಟ್ಟಬಾರದು, ಎಲ್ಲ ವೇಳೆಗೆ ಸರಿಯಾಗಿ ಆಗಬೇಕು, ದುಂಡಗಿರುವ ವಸ್ತುಗಳೆಂದರೆ ಪ್ರಾಣ. ಮನಸ್ಸು ಕೆಟ್ಟಾಗ ಒಂದು ಡ್ರಮ್ಮಿನೊಳಗೆ ಹೋಗಿ ಕೂತುಬಿಡುತ್ತಾನೆ. ಅವನ ಪಾಲಿಗೆ ಅದು ರಾಕೆಟ್. ಅಣ್ಣ ಸ್ಯಾಮ್ ಹೊರಗಿನಿಂದ ಭೂಮಿಯ ಕಂಟ್ರೋಲ್ ರೂಮಿನವನಂತೆ ಮಾತಾಡಿ ಅವನನ್ನು ‘ಇಳಿಸಬೇಕು’. ಈ ತಮ್ಮನ ಜೊತೆ ಏಗಲಾರದೆ ಅಣ್ಣನ ಗೆಳತಿ ಬಿಟ್ಟು ಹೋಗುತ್ತಾಳೆ. ದಿನಚರಿ ಕೆಟ್ಟಿತಲ್ಲ, ಸರಿಪಡಿಸಬೇಕು. ಅದಕ್ಕೆ ಅಣ್ಣನಿಗೆ ಹೊಸ ಹುಡುಗಿಯನ್ನು ಹುಡುಕಲು ಸೈಮನ್ ತಾನೇ ಹೊರಡುತ್ತಾನೆ. ಕಥೆ ಇಷ್ಟೇ.

ಈ ಪಾತ್ರದಲ್ಲಿ ಅಳಿಸುವುದು ಸುಲಭ, ನಗಿಸುವುದು ಇನ್ನೂ ಸುಲಭ. ಬಿಲ್ ಎರಡಕ್ಕೂ ಕೈ ಹಾಕುವುದಿಲ್ಲ. ಯಾರಾದರೂ ಹತ್ತಿರ ಬಂದಾಗ ಅವನ ಭುಜ ನೋಡಿ. ಒಂದು ಎಳೆಯಷ್ಟು ಮೇಲೇಳುತ್ತದೆ, ಕುತ್ತಿಗೆ ಬಿಗಿಯುತ್ತದೆ, ಕಣ್ಣು ಎದುರಿಗಿರುವವರ ಮುಖದಿಂದ ಜಾರಿ ಪಕ್ಕಕ್ಕೆ ಹೋಗುತ್ತದೆ. ಮಾತು ಮಾತ್ರ ಒಂದೇ ಸಮನೆ ನಡೆದಿರುತ್ತದೆ. ಅಷ್ಟು ಉದ್ದನೆಯ ಹುಡುಗ ಆ ಡ್ರಮ್ಮಿನಲ್ಲಿ ಮಡಚಿಕೊಂಡು ಕೂತಾಗ, ಅವನಿಗೆ ಈ ಜಗತ್ತಿನಲ್ಲಿ ಜಾಗ ಸಾಲುತ್ತಿಲ್ಲ ಅನ್ನೋದು ಮಾತಿಲ್ಲದೆ ಗೊತ್ತಾಗುತ್ತದೆ. ಆಗ ಬಿಲ್‌ಗೆ ಇನ್ನೂ ಇಪ್ಪತ್ತರ ವಯಸ್ಸು.

ಸ್ವೀಡನ್ ಆ ವರ್ಷ ಆಸ್ಕರ್‌ನ ವಿದೇಶಿ ಭಾಷಾ ವಿಭಾಗಕ್ಕೆ ಕಳಿಸಿದ್ದು ಇದನ್ನೇ. 2011ರ ಜನವರಿಯಲ್ಲಿ ಒಂಬತ್ತು ಸಿನಿಮಾಗಳ ಕಿರುಪಟ್ಟಿವರೆಗೂ ಬಂತು. ಸ್ವೀಡನ್‌ನ ದೊಡ್ಡ ಸಿನಿಮಾ ಪ್ರಶಸ್ತಿ ಗುಲ್ಡ್‌ಬಾಗೆಯ ನಾಮನಿರ್ದೇಶನದಲ್ಲೂ ಬಿಲ್ ಹೆಸರಿತ್ತು.

ಸೈಮನ್ ಹೆಸರಿನ ಇನ್ನೊಂದು ಸಿನಿಮಾನೂ ಇದೆಯಂತಲ್ಲ? ಅದು ಇದರ ಮುಂದುವರಿಕೆನಾ?

ಸಂಬಂಧವೇ ಇಲ್ಲ. 2011ರ ‘ಸೈಮನ್ ಅಂಡ್ ದಿ ಓಕ್ಸ್’ ಎರಡನೇ ಮಹಾಯುದ್ಧದ ಕಾಲದ ಕಥೆ. ಮರಿಯಾನ್ ಫ್ರೆಡ್ರಿಕ್ಸನ್ ಅವರ ಕಾದಂಬರಿ ಆಧರಿಸಿ ಲೀಸಾ ಓಲಿನ್ ನಿರ್ದೇಶಿಸಿದ್ದು. ಗೋಥೆನ್‌ಬರ್ಗ್ ಹತ್ತಿರ ಕೂಲಿ ಕುಟುಂಬದಲ್ಲಿ ಬೆಳೆದ ಹುಡುಗನಿಗೆ ತಾನು ಈ ಮನೆಯಲ್ಲಿ ಹುಟ್ಟಿದವನಲ್ಲ, ತನ್ನ ತಂದೆ ಯಹೂದಿ ಅಂತ ಗೊತ್ತಾಗುತ್ತದೆ. ಬೆಳೆದು ದೊಡ್ಡವನಾದ ಸೈಮನ್‌ನ ಪಾತ್ರ ಬಿಲ್‌ದು.

ಇದಕ್ಕಿಂತ ನನಗೆ ಇಷ್ಟವಾದದ್ದು 2010ರ ‘ಬಿಹೈಂಡ್ ಬ್ಲೂ ಸ್ಕೈಸ್’. 1975ರ ಬೇಸಿಗೆ, ಸ್ಟಾಕ್‌ಹೋಮ್ ಬಳಿಯ ದ್ವೀಪವೊಂದರ ಶ್ರೀಮಂತ ದೋಣಿ ಕ್ಲಬ್ಬು. ಅಲ್ಲಿ ಕೆಲಸಕ್ಕೆ ಸೇರುವ ಬಡ ಹುಡುಗ ಮಾರ್ಟಿನ್‌ಗೆ ಧಣಿ ತುಂಬಾ ಪ್ರೀತಿ ತೋರಿಸುತ್ತಾನೆ. ಮನೆಯಲ್ಲಿ ಕಾಣದ ಅಪ್ಪನನ್ನು ಹುಡುಗ ಅಲ್ಲಿ ಕಂಡುಕೊಳ್ಳುತ್ತಾನೆ. ಆ ಧಣಿ ಮಾದಕವಸ್ತು ಸಾಗಿಸುವವನು. ಗೊತ್ತಾದ ಮೇಲೂ ಮಾರ್ಟಿನ್‌ಗೆ ಬಿಟ್ಟು ಬರಲು ಮನಸ್ಸಾಗುವುದಿಲ್ಲವಲ್ಲ, ಆ ಭಾಗದಲ್ಲಿ ಬಿಲ್ ತುಂಬಾ ಚೆನ್ನಾಗಿ ಮಾಡಿದ್ದಾನೆ.

ಹಾಲಿವುಡ್‌ಗೆ ಹೇಗೆ ಹೋದ?

ಬರ್ಲಿನ್ ಚಿತ್ರೋತ್ಸವದಲ್ಲಿ ಯುರೋಪಿನ ಹೊಸ ನಟರನ್ನು ಆರಿಸಿ ನಿರ್ಮಾಪಕರಿಗೆ ಪರಿಚಯ ಮಾಡಿಸುವ ‘ಶೂಟಿಂಗ್ ಸ್ಟಾರ್ಸ್’ ಎಂಬ ಕಾರ್ಯಕ್ರಮ ಇದೆ. 2012ರಲ್ಲಿ ಅದಕ್ಕೆ ಬಿಲ್ ಆಯ್ಕೆಯಾದ. ಅದೇ ವರ್ಷ ಬಂದ ‘ಅನ್ನಾ ಕರೆನಿನಾ’ದಲ್ಲಿ ಚಿಕ್ಕ ಪಾತ್ರ ಸಿಕ್ಕಿತು. ಸ್ವೀಡನ್‌ನ ಇನ್ನೊಬ್ಬ ಪ್ರತಿಭೆ ಅಲಿಸಿಯಾ ವಿಕಾಂಡರ್ ಅದರಲ್ಲೇ ಕಿಟ್ಟಿಯಾಗಿದ್ದಾಳೆ.

ನಿಜವಾದ ತರಬೇತಿ ಆದದ್ದು ‘ಹೆಮ್ಲಾಕ್ ಗ್ರೋವ್’ನಲ್ಲಿ. 2013ರಿಂದ 2015ರವರೆಗೆ ಮೂರು ಸೀಸನ್ ಬಂದ ನೆಟ್‌ಫ್ಲಿಕ್ಸ್ ಸರಣಿ. ನೆಟ್‌ಫ್ಲಿಕ್ಸ್ ಆಗಿನ್ನೂ ಸ್ವಂತ ಸರಣಿಗಳನ್ನು ಶುರು ಮಾಡಿದ ಕಾಲ. ಸರಣಿ ಅಷ್ಟಕ್ಕಷ್ಟೇ, ಸುಳ್ಳು ಹೇಳಲ್ಲ. ಆದರೆ ರಕ್ತದಾಹದ ಶ್ರೀಮಂತ ಹುಡುಗ ರೋಮನ್ ಪಾತ್ರದಲ್ಲಿ ಇಂಗ್ಲಿಷ್ ಸಂಭಾಷಣೆ, ಅಮೆರಿಕದ ಉಚ್ಚಾರ, ಕ್ಯಾಮೆರಾ ಎದುರು ದಿನಗಟ್ಟಲೆ ದುಡಿಮೆ ಎಲ್ಲ ಅಲ್ಲಿ ರೂಢಿಯಾಯಿತು.

## ಮೇಕಪ್ಪಿನ ಒಳಗೆ

ಪೆನ್ನಿವೈಸ್‌ನ ಕಣ್ಣು ಎರಡು ದಿಕ್ಕಿಗೆ ಹೋಗೋದು ಗ್ರಾಫಿಕ್ಸ್ ತಾನೇ?

ಅಲ್ಲ! ಇದನ್ನು ಕೇಳಿ ಯಾರೂ ನಂಬುವುದಿಲ್ಲ. ಆ ಕೋಡಂಗಿಯ ಕಣ್ಣುಗಳು ಬೇರೆ ಬೇರೆ ಕಡೆ ತಿರುಗಿರಬೇಕು ಅನ್ನೋ ಆಸೆ ನಿರ್ದೇಶಕ ಆಂಡಿ ಮುಸ್ಕಿಯೆಟ್ಟಿಗೆ ಇತ್ತು. ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡಿದರಾಯಿತು ಅಂದುಕೊಂಡಿದ್ದರು. ಬಿಲ್ ‘ಅದು ನನಗೇ ಬರುತ್ತೆ’ ಅಂತ ಅಲ್ಲೇ ಮಾಡಿ ತೋರಿಸಿದ. ಒಂದು ಕಣ್ಣನ್ನು ನೇರ ಇಟ್ಟು ಇನ್ನೊಂದನ್ನು ಆಚೆಗೆ ಸರಿಸುವುದು ಅವನಿಗೆ ಸಲೀಸು. ಕೆಳತುಟಿ ವಿಚಿತ್ರವಾಗಿ ಜೋತುಬೀಳುವ ಆ ನಗುವೂ ಅವನದೇ ತುಟಿ, ಅವನದೇ ನಗು.

ಇದು ಬರೀ ಚಮತ್ಕಾರ ಅಲ್ಲ. ಚರಂಡಿಯ ದೃಶ್ಯವನ್ನೇ ತೆಗೆದುಕೊಳ್ಳಿ. ಹಳದಿ ರೇನ್‌ಕೋಟಿನ ಪುಟ್ಟ ಹುಡುಗನ ಕಾಗದದ ದೋಣಿ ಮಳೆನೀರಿನಲ್ಲಿ ಹೋಗಿ ಚರಂಡಿಗೆ ಬಿದ್ದಿದೆ. ಕೋಡಂಗಿ ಕೆಳಗಿನಿಂದ ಸ್ನೇಹದಿಂದ ಮಾತಾಡಿಸುತ್ತಾನೆ, ನಗುತ್ತಾನೆ, ಹುಡುಗನೂ ನಗುತ್ತಾನೆ. ಒಂದು ಗಳಿಗೆಯಲ್ಲಿ ಕೋಡಂಗಿ ಸುಮ್ಮನಾಗುತ್ತಾನೆ. ಬಾಯಿ ತೆರೆದಿದೆ, ಜೊಲ್ಲು ಇಳಿಯುತ್ತಿದೆ, ಒಂದು ಕಣ್ಣು ಮೆಲ್ಲಗೆ ಪಕ್ಕಕ್ಕೆ ಜಾರಿದೆ. ಮಾತಾಡುತ್ತಿದ್ದದ್ದು ಮನುಷ್ಯನಲ್ಲ, ಹಸಿದ ಯಾವುದೋ ಜಂತು ಅಂತ ಪ್ರೇಕ್ಷಕನಿಗೆ ಹುಡುಗನಿಗಿಂತ ಮೊದಲೇ ಗೊತ್ತಾಗುತ್ತದೆ. ಹಲ್ಲು ತೋರಿಸುವುದಕ್ಕೆ ಮುಂಚೆಯೇ ಕೆಲಸ ಮುಗಿದಿರುತ್ತದೆ.

ಆ ಮಕ್ಕಳು ಶೂಟಿಂಗ್‌ನಲ್ಲಿ ನಿಜವಾಗಲೂ ಹೆದರಿದ್ರಾ?

ಹೆದರಲಿ ಅಂತಲೇ ಬಿಲ್‌ನನ್ನು ಮೊದಲು ಮಕ್ಕಳಿಂದ ದೂರ ಇಟ್ಟಿದ್ದರು. ವೇಷದಲ್ಲಿ ಅವನನ್ನು ಮಕ್ಕಳು ನೇರವಾಗಿ ಕಂಡದ್ದು ತಮ್ಮ ತಮ್ಮ ದೃಶ್ಯದ ಹೊತ್ತಿಗೇ.

ಬಿಲ್ ಹಲವು ಸಲ ಹೇಳಿರುವ ಒಂದು ಪ್ರಸಂಗ ಇದೆ. ಎಡ್ಡಿ ಪಾತ್ರದ ಜ್ಯಾಕ್ ಡಿಲನ್ ಗ್ರೇಜರ್ ಎಂಬ ಹುಡುಗನ ಮೇಲೆ ಬಿದ್ದು ಹೆದರಿಸುವ ದೃಶ್ಯ. ಹುಡುಗ ಅಳುತ್ತಾನೆ, ಓಕರಿಸುತ್ತಾನೆ. ಟೇಕ್ ಮುಗಿದ ಕೂಡಲೇ ಬಿಲ್‌ಗೆ ಗಾಬರಿ, ‘ಏನೂ ಆಗಿಲ್ಲ ತಾನೇ’ ಅಂತ ವಿಚಾರಿಸಿದ. ಹುಡುಗ ಕಣ್ಣೊರೆಸಿಕೊಂಡು, ನೀವು ಈ ಪಾತ್ರ ಮಾಡ್ತಿರೋದು ಸಖತ್ತಾಗಿದೆ ಅಂತ ಮೆಚ್ಚಿಕೊಂಡನಂತೆ. ಅಳು ನಟನೆಯಾಗಿತ್ತು. ಶೂಟಿಂಗ್ ಮುಗಿಸಿ ಊರಿಗೆ ಹೋದ ಮೇಲೆ ಪೆನ್ನಿವೈಸ್ ಕನಸಿನಲ್ಲಿ ಬಂದು ಕಾಡಿದ್ದು ಬಿಲ್‌ನನ್ನೇ.

ಸಿನಿಮಾ ಎಷ್ಟು ದುಡ್ಡು ಮಾಡಿತು?

ಸುಮಾರು 35 ಮಿಲಿಯನ್ ಡಾಲರ್ ಖರ್ಚು, ಜಗತ್ತಿನಾದ್ಯಂತ ಸುಮಾರು 700 ಮಿಲಿಯನ್ ಡಾಲರ್ ಗಳಿಕೆ. ಹಾರರ್ ಸಿನಿಮಾಗೆ ಇದು ಭಾರೀ ಮೊತ್ತ.

‘ನೊಸ್ಫೆರಾಟು’ವಿನಲ್ಲಿ ಆ ಧ್ವನಿ ಯಾರದು? ಡಬ್ಬಿಂಗಾ, ಕಂಪ್ಯೂಟರಾ?

ಅವನದೇ. ನನ್ನ ಪ್ರಕಾರ ಅವನು ಈವರೆಗೆ ಮಾಡಿರುವ ಅತ್ಯಂತ ಕಷ್ಟದ ಕೆಲಸ ಈ ಧ್ವನಿ. ಬಿಲ್‌ನ ಸಹಜ ದನಿ ಅಷ್ಟೇನೂ ದಪ್ಪ ಇಲ್ಲ. ಐಸ್‌ಲ್ಯಾಂಡಿನ ಒಪೆರಾ ಗಾಯಕಿಯೊಬ್ಬರ ಹತ್ತಿರ ಕಲಿತು, ದನಿಯನ್ನು ತೀರಾ ಕೆಳಗಿನ ಸ್ಥಾಯಿಗೆ ಇಳಿಸಿಕೊಂಡ. ಉಸಿರನ್ನು ಹೊಟ್ಟೆಯ ಬುಡದಿಂದ ಎಳೆದು ತರಬೇಕು. ಅದಕ್ಕೇ ಓರ್ಲಾಕ್ ಪ್ರತಿ ಮಾತಿನ ನಡುವೆ ಗೊರ ಗೊರ ಸದ್ದು ಮಾಡುತ್ತಾ ಉಸಿರಾಡುತ್ತಾನೆ. ಸತ್ತು ಶತಮಾನಗಳಾದ ಶ್ವಾಸಕೋಶ ಮತ್ತೆ ಕೆಲಸ ಮಾಡಬೇಕಾಗಿ ಬಂದರೆ ಹೇಗಿರುತ್ತೋ ಹಾಗೆ.

ನಿರ್ದೇಶಕ ರಾಬರ್ಟ್ ಎಗ್ಗರ್ಸ್‌ಗೆ ಹಳೆಯ ಕಾಲದ ವಿವರಗಳೆಂದರೆ ಹುಚ್ಚು. ಓರ್ಲಾಕ್ ಬಾಯಲ್ಲಿ, ಯಾರೂ ಮಾತಾಡದೆ ಅಳಿದುಹೋದ ಡೇಸಿಯನ್ ಭಾಷೆಯನ್ನು ಪುನಃ ಕಟ್ಟಿ ಆಡಿಸಿದ್ದಾರೆ. 1922ರ ಮೂಲ ಮೂಕಿಚಿತ್ರದ ಬೋಳು ತಲೆಯ ಇಲಿಮೂತಿಯ ಪಿಶಾಚಿಯನ್ನು ಬಿಟ್ಟು, ಟ್ರಾನ್ಸಿಲ್ವೇನಿಯಾದ ಹಳೇ ಜಮೀನ್ದಾರನ ಹಾಗೆ ಪೊದೆ ಮೀಸೆ ಇಟ್ಟಿದ್ದಾರೆ. ಗಂಟೆಗಟ್ಟಲೆ ಮೇಕಪ್ಪು, ಮೈತುಂಬಾ ಅಂಟಿಸಿದ ಕೃತಕ ಚರ್ಮ. ಕೇಶಾಲಂಕಾರ ಮತ್ತು ಮೇಕಪ್ ಸೇರಿ ನಾಲ್ಕು ವಿಭಾಗಗಳಲ್ಲಿ ಸಿನಿಮಾಗೆ ಆಸ್ಕರ್ ನಾಮನಿರ್ದೇಶನ ಬಂತು, ನಟನೆಗೆ ಬರಲಿಲ್ಲ. ಬರಬೇಕಿತ್ತು ಅಂತ ನಾನು ಇಂದಿಗೂ ಹೇಳುತ್ತೇನೆ.

ಇದೇ ಎಗ್ಗರ್ಸ್ ಎರಡು ವರ್ಷ ಮೊದಲು ‘ದಿ ನಾರ್ತ್‌ಮ್ಯಾನ್’ನಲ್ಲಿ ಅಣ್ಣ ಅಲೆಕ್ಸಾಂಡರ್‌ನನ್ನು ನಾಯಕನಾಗಿಸಿದ್ದರು.

ಇಷ್ಟು ಚೆಂದ ಇದ್ದಾನೆ, ಸುಮ್ನೆ ಹೀರೋ ಪಾತ್ರ ಮಾಡಬಾರದಾ?

ಮಾಡಿದ್ದಾನೆ, ಹೊಂದಲಿಲ್ಲ. 2024ರ ‘ದಿ ಕ್ರೋ’ ಅಂಥದ್ದೇ. ಅದರ 1994ರ ಮೂಲ ಸಿನಿಮಾದ ನಾಯಕ ಬ್ರ್ಯಾಂಡನ್ ಲೀ ಶೂಟಿಂಗ್‌ನಲ್ಲೇ ಗುಂಡು ತಗುಲಿ ಸತ್ತಿದ್ದರಿಂದ, ಜನಕ್ಕೆ ಅದರ ಮೇಲೆ ಬೇರೆಯದೇ ಮಮಕಾರ. ಹೊಸದನ್ನು ವಿಮರ್ಶಕರೂ ಪ್ರೇಕ್ಷಕರೂ ತಳ್ಳಿಹಾಕಿದರು. ಬಿಲ್ ಕೆಟ್ಟದಾಗಿ ಮಾಡಿಲ್ಲ, ಆದರೆ ಬರೀ ಚೆಂದ ಕಾಣುತ್ತಾ ನಿಲ್ಲುವ ಪಾತ್ರದಲ್ಲಿ ಅವನಿಗೆ ಮಾಡಲು ಏನೂ ಸಿಗಲಿಲ್ಲ.

ಅವನ ಮುಖವನ್ನು ಜಾಣತನದಿಂದ ಬಳಸಿಕೊಂಡದ್ದು 2022ರ ‘ಬಾರ್ಬೇರಿಯನ್’. ಮಳೆಯ ರಾತ್ರಿ, ಬಾಡಿಗೆಗೆ ಹಿಡಿದ ಮನೆಗೆ ಒಂಟಿ ಹುಡುಗಿ ಬರುತ್ತಾಳೆ. ಒಳಗೆ ಆಗಲೇ ಒಬ್ಬ ಗಂಡಸು ಇದ್ದಾನೆ, ಅವನಿಗೂ ಅದೇ ಮನೆ ಬುಕ್ ಆಗಿದೆ. ಆ ಗಂಡಸು ಬಿಲ್. ತುಂಬಾ ಮರ್ಯಾದೆಯಿಂದ ಮಾತಾಡುತ್ತಾನೆ, ಟೀ ಬೇಕಾ ಅಂತಾನೆ. ಪೆನ್ನಿವೈಸ್‌ನನ್ನು ಕಂಡಿರುವ ನಾವು ಅವನ ಪ್ರತಿ ಮಾತಿಗೂ ಕುರ್ಚಿಯ ತುದಿಗೆ ಬರುತ್ತೇವೆ. ಮುಂದಿನದನ್ನು ಹೇಳುವುದಿಲ್ಲ, ನೋಡಿ.

## ಇನ್ನಷ್ಟು ಆಳಕ್ಕೆ

ಇವನ ‘ಕ್ಲಾರ್ಕ್’ ಸರಣಿ ನಿಜ ಕಥೆನಾ? ಸ್ಟಾಕ್‌ಹೋಮ್ ಸಿಂಡ್ರೋಮ್‌ಗೂ ಅದಕ್ಕೂ ಏನು ಸಂಬಂಧ?

ಸಂಬಂಧ ನೇರವಾಗಿಯೇ ಇದೆ. 1973ರ ಆಗಸ್ಟ್ 23ರಂದು ಯಾನ್ ಎರಿಕ್ ಓಲ್ಸನ್ ಎಂಬ ಕೈದಿ, ರಜೆಯ ಮೇಲೆ ಹೊರಬಂದವನು, ಸ್ಟಾಕ್‌ಹೋಮ್‌ನ ನೋರ್ಮಾಲ್ಮ್‌ಸ್ಟೋರಿ ಚೌಕದ ಬ್ಯಾಂಕಿಗೆ ಬಂದೂಕು ಹಿಡಿದು ನುಗ್ಗಿದ. ಬ್ಯಾಂಕಿನ ನಾಲ್ವರು ಒತ್ತೆಯಾಳಾದರು. ಅವನ ಬೇಡಿಕೆಗಳಲ್ಲಿ ಮೂರು ಮಿಲಿಯನ್ ಕ್ರೋನಾ ಜೊತೆಗೆ ಒಂದು ಹೆಸರೂ ಇತ್ತು: ಜೈಲಿನಲ್ಲಿದ್ದ ಕ್ಲಾರ್ಕ್ ಓಲೋಫ್‌ಸನ್ ಬರಬೇಕು. ಸರ್ಕಾರ ಅವನನ್ನು ತಂದು ಒಳಗೆ ಬಿಟ್ಟಿತು. ಆರನೇ ದಿನ, ಆಗಸ್ಟ್ 28ರಂದು, ಪೊಲೀಸರು ಅಶ್ರುವಾಯು ಬಿಟ್ಟು ಎಲ್ಲರನ್ನೂ ಜೀವಂತ ಹೊರತಂದರು. ಅಷ್ಟರಲ್ಲಿ ಒತ್ತೆಯಾಳುಗಳಿಗೆ ದರೋಡೆಕೋರರಿಗಿಂತ ಪೊಲೀಸರ ಭಯವೇ ಜಾಸ್ತಿಯಾಗಿತ್ತು. ಅವರಲ್ಲೊಬ್ಬಳು ಪ್ರಧಾನಿ ಓಲೋಫ್ ಪಾಲ್ಮೆ ಜೊತೆ ಫೋನಿನಲ್ಲಿ ಮಾತಾಡಿ, ಇವರ ಜೊತೆ ಹೋಗಲು ಬಿಡಿ ಅಂತ ಕೇಳಿಕೊಂಡಳು. ಒತ್ತೆಯಾಳುಗಳು ತಮ್ಮನ್ನು ಹಿಡಿದಿಟ್ಟವರ ಪರವೇ ನಿಲ್ಲುವ ಈ ವರ್ತನೆಗೆ ವಿವರಣೆ ಕೊಟ್ಟವರು ಮನೋವೈದ್ಯ ನಿಲ್ಸ್ ಬೆಯೆರೂಟ್. ಆಮೇಲೆ ಅದೇ ‘ಸ್ಟಾಕ್‌ಹೋಮ್ ಸಿಂಡ್ರೋಮ್’ ಆಯಿತು.

ಅವಳ ಭಯಕ್ಕೆ ಕಾರಣ ಇತ್ತು ಅನ್ನೋದು ನನ್ನ ಅಭಿಪ್ರಾಯ. ಹೊರಗೆ ಬಂದೂಕು ಹಿಡಿದ ಪೊಲೀಸರು, ಒಳಗೆ ಬಂದೂಕು ಹಿಡಿದ ಕಳ್ಳ, ಗುಂಡು ಹಾರಿದರೆ ಸಾಯುವವಳು ತಾನು. ಅದನ್ನು ಕಾಯಿಲೆ ಅನ್ನುವ ಮೊದಲು ಅವಳನ್ನು ಕೂರಿಸಿ ಕೇಳಬೇಕಿತ್ತು.

2022ರಲ್ಲಿ ಯೊನಾಸ್ ಓಕರ್‌ಲುಂಡ್ ನಿರ್ದೇಶನದಲ್ಲಿ ಬಂದ ಆರು ಕಂತಿನ ‘ಕ್ಲಾರ್ಕ್’ ನೆಟ್‌ಫ್ಲಿಕ್ಸ್‌ನಲ್ಲಿದೆ. ಇದರಲ್ಲಿ ನಿಜವೂ ಇದೆ ಸುಳ್ಳೂ ಇದೆ ಅಂತ ಸರಣಿಯೇ ಹೇಳಿಕೊಳ್ಳುತ್ತದೆ. ಕ್ಲಾರ್ಕ್ ಪಾತ್ರದ ಬಿಲ್ ಇಲ್ಲಿ ಮುಖ ಮುಚ್ಚಿಲ್ಲ, ಮಾತೃಭಾಷೆಯಲ್ಲಿ ಮಾತಾಡುತ್ತಾನೆ. ಹದಿಹರೆಯದ ಪುಂಡನಿಂದ ಶುರುವಾಗಿ ವಯಸ್ಸಾಗುವ ತನಕ, ಕುಣಿಯುತ್ತಾನೆ, ಸುಳ್ಳು ಹೇಳುತ್ತಾನೆ, ಎಲ್ಲರನ್ನೂ ಮರುಳು ಮಾಡುತ್ತಾನೆ. ನಡುವೆ ಒಂದೆರಡು ಕಂತಿನಲ್ಲಿ ಸರಣಿಯೂ ಅವನಿಗೆ ಮರುಳಾಗಿಬಿಡುತ್ತದೆ, ಅದೊಂದು ನನಗೆ ಸರಿಬರಲಿಲ್ಲ. ಅವನಿಂದ ಹಾಳಾದ ಹೆಂಗಸರಿಗೆ ಇನ್ನಷ್ಟು ಜಾಗ ಬೇಕಿತ್ತು. ನಿಜವಾದ ಕ್ಲಾರ್ಕ್ 2025ರ ಜೂನ್‌ನಲ್ಲಿ ತೀರಿಕೊಂಡ.

ಪೀಡೆ ಪಾತ್ರ ಬಿಟ್ಟರೆ ಬೇರೆ ಕೊಡಲ್ವಾ ಇವನಿಗೆ?

ಈ ಭಯ ಅಭಿಮಾನಿಗಳಿಗೆಲ್ಲ ಇದೆ. 2025ರಲ್ಲಿ ಬಂದ ‘ಇಟ್: ವೆಲ್‌ಕಮ್ ಟು ಡೆರಿ’ ಸರಣಿಗೆ ಮತ್ತೆ ಪೆನ್ನಿವೈಸ್ ಆಗಿ ಬಂದದ್ದನ್ನು ನೋಡಿದಾಗ ಆ ಭಯ ಹೆಚ್ಚಾಗಿತ್ತು. ಈ ಸಲ ಅವನು ಕಾರ್ಯನಿರ್ವಾಹಕ ನಿರ್ಮಾಪಕರಲ್ಲಿ ಒಬ್ಬನೂ ಹೌದು.

ಆದರೆ ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ‘ಡೆಡ್ ಮ್ಯಾನ್ಸ್ ವೈರ್’ ತೆರೆಕಂಡಿತು. ನಿರ್ದೇಶಕ ಗಸ್ ವಾನ್ ಸ್ಯಾಂಟ್. ಹಿಂದೆ ‘ಗುಡ್ ವಿಲ್ ಹಂಟಿಂಗ್’ನಲ್ಲಿ ಅಪ್ಪ ಸ್ಟೆಲಾನ್ ಅವರಿಂದ ಗಣಿತದ ಪ್ರೊಫೆಸರ್ ಪಾತ್ರ ಮಾಡಿಸಿದವರು ಇವರೇ. ಇದೂ ನಿಜವಾಗಿ ನಡೆದ ಘಟನೆ. 1977ರ ಫೆಬ್ರವರಿ, ಅಮೆರಿಕದ ಇಂಡಿಯಾನಾಪೊಲಿಸ್. ಸಾಲ ಕೊಟ್ಟ ಕಂಪನಿಯವರು ತನ್ನ ಜಮೀನು ಹೊಡೆಯಲು ನೋಡುತ್ತಿದ್ದಾರೆ ಅಂತ ನಂಬಿದ ಟೋನಿ ಕಿರಿಟ್ಸಿಸ್, ಅಲ್ಲಿನ ಅಧಿಕಾರಿಯ ಕುತ್ತಿಗೆಗೆ ತಂತಿಯಿಂದ ಬಂದೂಕು ಬಿಗಿದು ಹಗಲಲ್ಲೇ ಬೀದಿಯಲ್ಲಿ ನಡೆಸಿಕೊಂಡು ಹೋದ. 63 ಗಂಟೆ ಹಾಗೇ ಇಟ್ಟುಕೊಂಡಿದ್ದ. ಟೋನಿಗೆ ಬೇಕಿದ್ದದ್ದು ಹಣದ ಜೊತೆಗೆ ಒಂದು ಕ್ಷಮಾಪಣೆ. ಆ ಪಾತ್ರ ಬಿಲ್‌ದು. ಮೇಕಪ್ಪಿಲ್ಲ, ಕೊಂಬಿಲ್ಲ, ಹಲ್ಲಿಲ್ಲ. ಅನ್ಯಾಯವಾಗಿದೆ ಅಂತ ಕೂಗಿ ಕೂಗಿ ಗಂಟಲು ಕಟ್ಟಿದ ಒಬ್ಬ ಸಾಲಗಾರ ಅಷ್ಟೇ.